ಸೊಪ್ಪಿನ ಬೆಟ್ಟದಲ್ಲಿ ಮುಸುವ ಸತ್ತು ಬಿದ್ದರೆ

ಪ್ರಶ್ನೆ: ನಮ್ಮದು ಕೊಪ್ಪ ತಾಲ್ಲೂಕಿನಲ್ಲಿ ಕಾಫಿ, ಅಡಿಕೆ ಇರುವ ಸಣ್ಣ ತೋಟ. ಮೇಲ್ಭಾಗಕ್ಕೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು, ತರಗೆಲೆ ತರುವ ಕಾಡು) ತಾಗಿಕೊಂಡಿದೆ. ಹತ್ತು ದಿನದ ಹಿಂದೆ ಅಲ್ಲೊಂದು ಮುಸುವ (ಕಪ್ಪು ಮೂತಿಯ ಮಂಗ) ಸತ್ತು ಬಿದ್ದಿತ್ತು. ಕೆಲಸದ ಹುಡುಗರಿಬ್ಬರು ಬಳ್ಳಿ ಕಟ್ಟಿ ಎಳೆದು ಹೂತು ಬಂದರು. ಈಗ ಅವರಲ್ಲೊಬ್ಬನಿಗೆ ಮೂರು ದಿನದಿಂದ ವಿಪರೀತ ಜ್ವರ, ಸೊಂಟ ಎತ್ತಲಾರದಷ್ಟು ನೋವು. ಡೆಂಗಿ ಪರೀಕ್ಷೆ ನೆಗೆಟಿವ್. ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಉಳಿದವರು ಇದು ಎಬೋಲಾದ ಹಾಗೆ ಒಬ್ಬರಿಂದೊಬ್ಬರಿಗೆ ಹರಡುತ್ತದೆಂದು ಮೊಬೈಲಿನಲ್ಲಿ ನೋಡಿ ಗಂಟು ಕಟ್ಟುತ್ತಿದ್ದಾರೆ. ಇದು ನಿಜವೇ? ಲಸಿಕೆ ಎಲ್ಲಿ ಸಿಗುತ್ತದೆ? ಮಂಗಗಳನ್ನು ಪಟಾಕಿ ಹೊಡೆದು ಓಡಿಸಿದರೆ ಆಗುವುದಿಲ್ಲವೇ?

ಉತ್ತರ: ಜ್ವರ ಬಂದ ಹುಡುಗನ ಬಗ್ಗೆ ನಿಮಗೆ ಅಂದೇ ಫೋನಿನಲ್ಲಿ ಹೇಳಿದ್ದನ್ನೇ ಉಳಿದ ಓದುಗರಿಗಾಗಿ ಮೊದಲು ಬರೆಯುತ್ತೇನೆ. ಇಲ್ಲಿ ಮೊದಲು ಅನುಮಾನಿಸಬೇಕಾದ್ದು ಮಂಗನ ಕಾಯಿಲೆ, ಅಂದರೆ ಕಾಡಿನ ಉಣುಗು ಕಚ್ಚಿ ಬರುವ ಕ್ಯಾಸನೂರು ಕಾಡಿನ ಕಾಯಿಲೆ. ಅದರ ವೈರಸ್ ಮೈ ಸೇರಿದ 3ರಿಂದ 8 ದಿನದೊಳಗೆ ಜ್ವರ ಬರುತ್ತದೆ. ಮುಸುವ ಎಳೆದ ದಿನಕ್ಕೂ ಅವನಿಗೆ ಜ್ವರ ಹಿಡಿದ ದಿನಕ್ಕೂ ನಡುವೆ ಒಂದು ವಾರ ಇದೆ. ಲೆಕ್ಕ ಕೂಡುತ್ತದೆ. ಅದು ಮಂಗನ ಕಾಯಿಲೆಯೇ ಎಂದು ಇಷ್ಟರಿಂದಲೇ ಹೇಳಲಾಗದು, ಆದರೆ ಅಲ್ಲ ಎಂದು ಸಾಬೀತಾಗುವ ತನಕ ಹೌದು ಎಂದೇ ನಡೆದುಕೊಳ್ಳಬೇಕು. ಡೆಂಗಿಯ ಎನ್‌ಎಸ್‌1 ಎಂಬ ರಕ್ತ ಪರೀಕ್ಷೆ ನೆಗೆಟಿವ್ ಬಂದರೆ ಡೆಂಗಿ ಇರುವ ಸಾಧ್ಯತೆ ಕಡಿಮೆ ಎಂದಷ್ಟೇ ಅರ್ಥ. ನಮ್ಮ ಮಲೆನಾಡಿನಲ್ಲಿ ಎಷ್ಟೋ ಜನ ಆ ಒಂದು ಚೀಟಿ ನೋಡಿ ಸಮಾಧಾನಪಟ್ಟು, ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಿ, ಮನೆಯಲ್ಲೇ ನಾಲ್ಕು ದಿನ ಕಳೆಯುತ್ತಾರೆ. ನನ್ನ ಅನುಭವದಲ್ಲಿ ಮಂಗನ ಕಾಯಿಲೆಗಿಂತ ಆ ನಾಲ್ಕು ದಿನವೇ ಹೆಚ್ಚು ಅಪಾಯದ್ದು.

ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರ) ಹೋದಾಗ "ಜ್ವರ" ಎಂದಷ್ಟೇ ಹೇಳಬಾರದು. ಸತ್ತ ಮಂಗನನ್ನು ಎಳೆದದ್ದು, ಯಾವ ದಿನ, ಆಮೇಲೆ ಬೆಟ್ಟಕ್ಕೆ ಹೋಗಿದ್ದುಂಟೋ, ಮೈಮೇಲೆ ಉಣುಗು ಕಂಡದ್ದುಂಟೋ, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಹೊರರಾಜ್ಯದ ಹುಡುಗನಾದರೆ ಭಾಷೆ ಬರುವ ಒಬ್ಬರು ಜೊತೆಗಿರಲಿ. ರಕ್ತದ ಮಾದರಿ ಶಿವಮೊಗ್ಗದ ವೈರಸ್ ಪ್ರಯೋಗಾಲಯಕ್ಕೆ ಹೋಗುತ್ತದೆ. ಜ್ವರ ಶುರುವಾದ ಮೊದಲ ವಾರದಲ್ಲಿ ವೈರಸ್ ರಕ್ತದಲ್ಲೇ ಇರುವುದರಿಂದ ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ಸಿಗುತ್ತದೆ. ತಡವಾದಷ್ಟೂ ಸಿಗುವುದು ಕಷ್ಟ, ಆಗ ವೈರಸ್ಸಿನ ವಿರುದ್ಧ ಮೈ ತಯಾರಿಸುವ ಐಜಿಎಂ ಪ್ರತಿಕಾಯ ಹುಡುಕಬೇಕಾಗುತ್ತದೆ. ವರದಿ ಬರುವ ಮೊದಲೇ ಕಣ್ಣಿಗೆ ಕಾಣುವ ಕೆಲವು ಸುಳಿವುಗಳಿವೆ. ಕಣ್ಣು ಕೆಂಪಗೆ ರಕ್ತ ತುಂಬಿದ ಹಾಗಿರುತ್ತದೆ. ಹಣೆಯ ಭಾಗದಲ್ಲಿ ಸಿಡಿಯುವ ತಲೆನೋವು. ಬಾಯಿ ತೆರೆಸಿ ಟಾರ್ಚ್ ಬಿಟ್ಟರೆ ಮೆದು ಅಂಗುಳಿನ ಮೇಲೆ ಸಣ್ಣ ಗುಳ್ಳೆಗಳು ಕಾಣಬಹುದು. ಮೈ ಕೆಂಡದಂತೆ ಸುಡುತ್ತಿದ್ದರೂ ನಾಡಿ ಅದಕ್ಕೆ ತಕ್ಕ ಹಾಗೆ ಓಡುವುದಿಲ್ಲ, ನಿಧಾನವಾಗಿರುತ್ತದೆ. ರಕ್ತ ಪರೀಕ್ಷೆಯಲ್ಲಿ ಬಿಳಿರಕ್ತಕಣವೂ ಪ್ಲೇಟ್‌ಲೆಟ್ಟೂ ಇಳಿದಿರುತ್ತವೆ. ಮೂಗು, ಒಸಡಿನಲ್ಲಿ ರಕ್ತ, ಕಪ್ಪು ಮಲ ಕೆಲವರಲ್ಲಿ ಮಾತ್ರ. ರಕ್ತಸ್ರಾವದ ಜ್ವರ ಎಂಬ ಹೆಸರು ಕೇಳಿ ಎಲ್ಲರಿಗೂ ರಕ್ತ ಸುರಿಯುತ್ತದೆ ಎಂದುಕೊಳ್ಳಬೇಡಿ. ರಕ್ತ ಕಾಣಲಿಲ್ಲವಾದ್ದರಿಂದ ಈ ಕಾಯಿಲೆ ಅಲ್ಲ ಎಂದೂ ಹೇಳುವಂತಿಲ್ಲ.

ಈ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಆದರೂ ಆಸ್ಪತ್ರೆಗೆ ಯಾಕೆ ಎಂದು ಕೇಳುವವರಿದ್ದಾರೆ. ಕಾರಣ ಎರಡು. ಒಂದು, ಇದೇ ಲಕ್ಷಣದ ಇಲಿಜ್ವರ ಮತ್ತು ಸ್ಕ್ರಬ್ ಟೈಫಸ್ ನಮ್ಮಲ್ಲೂ ಇವೆ, ಅವೆರಡಕ್ಕೂ ಡಾಕ್ಸಿಸೈಕ್ಲಿನ್‌ನಂಥ ಅಗ್ಗದ ಮದ್ದಿದೆ. ಮಂಗನ ಕಾಯಿಲೆ ಎಂದು ನಾವೇ ತೀರ್ಮಾನಿಸಿ ಕೈಚೆಲ್ಲಿ ಕೂತರೆ ವಾಸಿಯಾಗುವ ಕಾಯಿಲೆಗೂ ಜೀವ ಹೋಗುತ್ತದೆ. ಎರಡು, ಡ್ರಿಪ್, ರಕ್ತದೊತ್ತಡದ ಮೇಲೆ ನಿಗಾ, ಬೇಕಾದರೆ ರಕ್ತ ಅಥವಾ ಪ್ಲೇಟ್‌ಲೆಟ್ ಕೊಡುವುದು, ಇಷ್ಟನ್ನು ಹೊತ್ತಿಗೆ ಸರಿಯಾಗಿ ಮಾಡಿದರೆ ಬಹುಪಾಲು ಜನ ಬದುಕುತ್ತಾರೆ. ಈ ಕಾಯಿಲೆಯಲ್ಲಿ ಸಾಯುವವರು ಸಾಮಾನ್ಯವಾಗಿ ನೂರಕ್ಕೆ 3ರಿಂದ 5 ಮಂದಿ. ಮನೆಯಲ್ಲಿ ಕೊಡುವುದಾದರೆ ಪ್ಯಾರಾಸಿಟಮಾಲ್ ಮಾತ್ರ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಬೇಡವೇ ಬೇಡ, ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಸೊಂಟದ ಇಂಜೆಕ್ಷನ್ ಹಾಕಿಸಿಕೊಂಡು ಮರುದಿನ ಕೊಯ್ಲಿಗೆ ಇಳಿಯುವ ಅಭ್ಯಾಸ ನಮ್ಮ ತೋಟಗಳಲ್ಲಿ ಎಷ್ಟಿದೆ ಎಂದು ನಿಮಗೇ ಗೊತ್ತು.

ಇನ್ನೊಂದು ಮಾತು ಹೆಚ್ಚಿನವರಿಗೆ ತಿಳಿದಿಲ್ಲ. ಒಂದು ವಾರ, ಹತ್ತು ದಿನಕ್ಕೆ ಜ್ವರ ಬಿಡುತ್ತದೆ, ಹುಡುಗ ಎದ್ದು ಓಡಾಡುತ್ತಾನೆ, ಎಲ್ಲ ಮುಗಿಯಿತು ಅನ್ನಿಸುತ್ತದೆ. ನೂರಕ್ಕೆ 10–20 ಮಂದಿಯಲ್ಲಿ ಒಂದೆರಡು ವಾರ ಬಿಟ್ಟು ಜ್ವರ ಮತ್ತೆ ಬರುತ್ತದೆ. ಈ ಸಲ ಅದು ಮಿದುಳಿಗೆ ಸಂಬಂಧಿಸಿದ್ದು: ಕುತ್ತಿಗೆ ಬಿಗಿತ, ಕೈ ನಡುಕ, ತಲೆಸುತ್ತು, ಕಣ್ಣು ಮಂಜು, ಕೆಲವೊಮ್ಮೆ ಮಾತು ತಪ್ಪುವುದು. ಹಾಗಾಗಿ ಅವನ ಮೇಲೆ ಒಂದು ತಿಂಗಳಾದರೂ ಕಣ್ಣಿರಲಿ, ಭಾರದ ಕೆಲಸ ಬೇಡ. ಸುಸ್ತು ವಾರಗಟ್ಟಲೆ ಇರುತ್ತದೆ. ಅದು ಸೋಮಾರಿತನ ಅಲ್ಲ ಎಂದು ಮೇಸ್ತ್ರಿಗೂ ತಿಳಿಸಿ.

ಈಗ ಲೈನ್ ಮನೆಯವರ ಭಯಕ್ಕೆ ಬರೋಣ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡಿದ ದಾಖಲೆ 1957ರಿಂದ ಇಂದಿನವರೆಗೂ ಇಲ್ಲ. ಜೊತೆಯಲ್ಲಿ ಮಲಗಿದರೆ, ಊಟ ಮಾಡಿದರೆ, ಆರೈಕೆ ಮಾಡಿದರೆ ಬರುವುದಿಲ್ಲ. ಹಾಲಿನಿಂದ, ನೀರಿನಿಂದಲೂ ಬರುವುದಿಲ್ಲ. ಆ ಹುಡುಗನನ್ನು ಬೇರೆ ಕೋಣೆಗೆ ದೂಡುವ ಅಗತ್ಯವಿಲ್ಲ. ಅವನೊಂದಿಗೆ ಆಸ್ಪತ್ರೆಯಲ್ಲಿ ಯಾರಾದರೂ ಇರಲೇಬೇಕು.

ಎಬೋಲಾ ಬೇರೆಯೇ ಜಾತಿಯದು. ಅದೂ ಪ್ರಾಣಿಯಿಂದ ಬಂದದ್ದೇ, ಬಹುಶಃ ಹಣ್ಣು ತಿನ್ನುವ ಬಾವಲಿಗಳಿಂದ. ಆದರೆ ಒಮ್ಮೆ ಮನುಷ್ಯನಿಗೆ ಬಂದ ಮೇಲೆ ಅದಕ್ಕೆ ಪ್ರಾಣಿ ಬೇಕಾಗುವುದಿಲ್ಲ. ರೋಗಿಯ ರಕ್ತ, ವಾಂತಿ, ಭೇದಿ, ಬೆವರು ಮುಟ್ಟಿದವರಿಗೆ, ಹೆಣ ತೊಳೆದವರಿಗೆ ದಾಟುತ್ತದೆ. 1976ರಲ್ಲಿ ಈಗಿನ ಕಾಂಗೋದ ಯಾಂಬುಕು ಎಂಬ ಹಳ್ಳಿಯ ಮಿಷನ್ ಆಸ್ಪತ್ರೆಯಲ್ಲಿ ಕೆಲವೇ ಸಿರಿಂಜುಗಳನ್ನು ದಿನವಿಡೀ ಎಲ್ಲ ರೋಗಿಗಳಿಗೂ ಬಳಸುತ್ತಿದ್ದರು, ಕಾಯಿಲೆ ಹಬ್ಬಿದ್ದು ಆ ಸೂಜಿಗಳಿಂದ. 2014ರಿಂದ 2016ರವರೆಗೆ ಪಶ್ಚಿಮ ಆಫ್ರಿಕದಲ್ಲಿ 28,600ಕ್ಕೂ ಹೆಚ್ಚು ಮಂದಿಗೆ ತಗುಲಿ 11,300ಕ್ಕೂ ಹೆಚ್ಚು ಮಂದಿ ಸತ್ತಾಗ, ಅಂತ್ಯಸಂಸ್ಕಾರದ ಪದ್ಧತಿ ಬದಲಾಗುವವರೆಗೂ ಅದು ಹತೋಟಿಗೆ ಬರಲಿಲ್ಲ. ಅಲ್ಲಿ ರೋಗಿಯನ್ನು ಪ್ರತ್ಯೇಕಿಸುವುದು, ಅವನ ಸಂಪರ್ಕಕ್ಕೆ ಬಂದವರನ್ನು ಹುಡುಕುವುದು, ಅವರ ಸುತ್ತಲಿನವರಿಗೆ ಲಸಿಕೆ ಹಾಕುವುದು ಸರಿಯಾದ ಕ್ರಮ. ಅದೇ ಕ್ರಮವನ್ನು ಕೊಪ್ಪದ ಲೈನ್ ಮನೆಯಲ್ಲಿ ಮಾಡಿದರೆ ಜ್ವರದ ಹುಡುಗ ಒಂಟಿಯಾಗುತ್ತಾನೆಯೇ ಹೊರತು ಒಂದು ಉಣುಗೂ ಕಡಿಮೆಯಾಗುವುದಿಲ್ಲ.

ಮಂಗ ಎಂಬ ಹೆಸರಿನಿಂದಲೂ ಗೊಂದಲ ಹುಟ್ಟಿರಬಹುದು. 1967ರಲ್ಲಿ ಜರ್ಮನಿಯ ಮಾರ್ಬರ್ಗ್, ಫ್ರಾಂಕ್‌ಫರ್ಟ್ ಮತ್ತು ಆಗಿನ ಯುಗೊಸ್ಲಾವಿಯದ ಬೆಲ್‌ಗ್ರೇಡ್‌ಗಳಲ್ಲಿ, ಉಗಾಂಡಾದಿಂದ ತರಿಸಿದ ಮಂಗಗಳ ಅಂಗಾಂಶದ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದವರಿಗೂ ಅವರಿಂದ ಇನ್ನು ಕೆಲವರಿಗೂ ರಕ್ತಸ್ರಾವದ ಜ್ವರ ಬಂದು 31 ಮಂದಿಯಲ್ಲಿ 7 ಮಂದಿ ತೀರಿಕೊಂಡರು. ಅದು ಮಾರ್ಬರ್ಗ್ ವೈರಸ್, ಎಬೋಲಾದ ದಾಯಾದಿ. ನಮ್ಮ ಮಂಗನ ಕಾಯಿಲೆಯ ವೈರಸ್ ಡೆಂಗಿ, ಹಳದಿ ಜ್ವರದ ಕುಲಕ್ಕೆ ಸೇರಿದ್ದು. ಅದರ ಹತ್ತಿರದ ನೆಂಟ ಸೌದಿ ಅರೇಬಿಯದಲ್ಲಿದೆ.

ಉಣುಗಿನಿಂದ ಬರುವ ಎಲ್ಲ ಜ್ವರವೂ ಹೀಗೆ ಮನುಷ್ಯನಲ್ಲೇ ನಿಂತುಬಿಡುತ್ತದೆ ಎಂದೂ ಅಲ್ಲ. 2011ರ ಜನವರಿಯಲ್ಲಿ ಗುಜರಾತಿನ ಅಹಮದಾಬಾದ್ ಬಳಿ ಕ್ರಿಮಿಯನ್-ಕಾಂಗೋ ಜ್ವರ ಭಾರತದಲ್ಲಿ ಮೊದಲ ಸಲ ಪತ್ತೆಯಾದಾಗ ರೋಗಿಯ ಜೊತೆಗೆ ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರೂ ನರ್ಸೂ ಪ್ರಾಣ ಕಳೆದುಕೊಂಡರು. ಅದಕ್ಕಾಗಿಯೇ ರಕ್ತ ಕಾಣುವ ಯಾವ ಜ್ವರದ ರೋಗಿಯನ್ನಾಗಲಿ ನಮ್ಮ ಸಿಬ್ಬಂದಿ ಗ್ಲೌಸ್ ಹಾಕಿಯೇ ಮುಟ್ಟಬೇಕು ಎಂದು ನಾನು ಹಟ ಹಿಡಿಯುವುದು. ಆಸ್ಪತ್ರೆಯ ಆ ಎಚ್ಚರವನ್ನು ನೋಡಿ ಮನೆಯವರು ಹೆದರಬೇಕಾಗಿಲ್ಲ.

ಹಾಗಾದರೆ ಅಪಾಯ ಎಲ್ಲಿದೆ? ನೆಲದಲ್ಲಿ, ಉದುರಿ ಒಣಗಿದ ಎಲೆಯ ತರಗಿನಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಸುತ್ತಲಿನ ಊರವರಿಗೆ ಜ್ವರ ಬಂದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಆಫ್ರಿಕದ ಹಳದಿ ಜ್ವರ ಭಾರತಕ್ಕೆ ಬಂದೇಬಿಟ್ಟಿತು ಎಂದು ಗಾಬರಿಯಿಂದ ಓಡಿ ಬಂದಿದ್ದರು. ಆ ಕೇಂದ್ರವೇ ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಅವರಿಗೆ ಸಿಕ್ಕಿದ್ದು ಸೊಳ್ಳೆಯಲ್ಲ, ಉಣುಗು. ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬುದು ಇದರಲ್ಲಿ ಮುಖ್ಯವಾದ ಜಾತಿ. ಮಳೆಗಾಲದಲ್ಲಿ ದೊಡ್ಡ ಉಣುಗುಗಳು ದನಗಳ ಮೈಯಲ್ಲಿ ರಕ್ತ ಕುಡಿದು ನೆಲಕ್ಕೆ ಬಿದ್ದು ಮೊಟ್ಟೆ ಇಡುತ್ತವೆ. ಮಳೆ ಮುಗಿದ ಮೇಲೆ ಮರಿ ಹೊರಡುತ್ತವೆ, ಇಲಿ, ಮೂಗಿಲಿ, ಹಕ್ಕಿ, ಮಂಗಗಳ ರಕ್ತ ಕುಡಿದು ಪೊರೆ ಬಿಟ್ಟು ನಿಂಫ್ (ಮರಿಗೂ ದೊಡ್ಡ ಉಣುಗಿಗೂ ನಡುವಿನ ಹಂತ) ಆಗುತ್ತವೆ. ಡಿಸೆಂಬರಿನಿಂದ ಮೇವರೆಗೆ ಈ ನಿಂಫ್‌ಗಳದ್ದೇ ಕಾಲ. ಮನುಷ್ಯನನ್ನು ಕಚ್ಚುವುದು ಹೆಚ್ಚಾಗಿ ಇವೇ. ಎಳ್ಳಿನ ಕಾಳಿಗಿಂತ ಸಣ್ಣದು, ಕಂದು ಬಣ್ಣ. ತರಗಿನ ಮೇಲೆ, ಗಿಡದ ತುದಿಯಲ್ಲಿ ಮುಂಗಾಲು ಚಾಚಿ ಕಾದಿರುತ್ತದೆ, ಪಂಚೆ ಸೋಕಿದ ತಕ್ಷಣ ಹಿಡಿಯುತ್ತದೆ. ಕಚ್ಚಿದ್ದು ಎಷ್ಟೋ ಸಲ ಗೊತ್ತಾಗುವುದೇ ಇಲ್ಲ.

ಮುಸುವ ಮತ್ತು ಕೆಂಪು ಮೂತಿಯ ಮಂಗ ಈ ವೈರಸ್ಸಿಗೆ ಬಲಿಯಾಗುವ ಪ್ರಾಣಿಗಳು. ವೈರಸ್ ತಗುಲಿದ ಮಂಗನ ರಕ್ತದಲ್ಲಿ ಅದು ವಿಪರೀತ ಹೆಚ್ಚುತ್ತದೆ, ಮೈಮೇಲಿದ್ದ ನೂರಾರು ಉಣುಗಿನ ಮರಿಗಳು ಆ ರಕ್ತ ಕುಡಿಯುತ್ತವೆ. ಮಂಗ ಸತ್ತು ಮೈ ತಣ್ಣಗಾದ ಕೂಡಲೇ ಅವೆಲ್ಲ ಇಳಿದು ಅಲ್ಲೇ ಸುತ್ತಲಿನ ತರಗಿನಲ್ಲಿ ಸೇರಿಕೊಳ್ಳುತ್ತವೆ. ನಿಮ್ಮ ಹುಡುಗರು ಹೂತದ್ದು ಹೆಣವನ್ನು. ಉಣುಗುಗಳು ಅದು ಬಿದ್ದ ಜಾಗದಲ್ಲೂ ಎಳೆದ ದಾರಿಯುದ್ದಕ್ಕೂ ಉಳಿದಿವೆ. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಕಾಯಿಲೆ ಕಾಣಿಸಿಕೊಂಡಾಗ ಜ್ವರ ಬಂದದ್ದು ಸತ್ತ ಮಂಗಗಳ ವಿಲೇವಾರಿಗೆ ಕೈಹಾಕಿದವರಿಗೆ.

ಹಾಗಾಗಿ ಸತ್ತ ಮಂಗ ಕಂಡರೆ ಮುಟ್ಟದೆ, ಹತ್ತಿರ ಹೋಗದೆ, ದೂರದಿಂದಲೇ ಜಾಗ ಗುರುತು ಮಾಡಿ ಆರೋಗ್ಯ, ಅರಣ್ಯ ಅಥವಾ ಪಶು ಇಲಾಖೆಯವರಿಗೆ ಹೇಳಬೇಕು. ಆಶಾ ಕಾರ್ಯಕರ್ತೆಗೆ ಹೇಳಿದರೂ ಸಾಕು. ಪಶುವೈದ್ಯರು ರಕ್ಷಣಾ ಉಡುಪು ಹಾಕಿ ಬಂದು ಮಾದರಿ ತೆಗೆದು, ಹೆಣವನ್ನು ಅಲ್ಲೇ ಸುಡಿಸುತ್ತಾರೆ. ಸುತ್ತ 50 ಅಡಿಗೆ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಹಾಕುವುದು ಹಳೆಯ ರೂಢಿ. ದಪ್ಪ ತರಗಿನ ಮೇಲೆ ಕೂತ ಪುಡಿ ಅಡಿಯ ತನಕ ಎಷ್ಟು ಇಳಿಯುತ್ತದೆ ಎಂಬ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಹಾಕಲಿ, ಬೇಡ ಎನ್ನುವುದಿಲ್ಲ. ಪುಡಿ ಹಾಕಿದ್ದಾರೆಂದು ಮರುದಿನವೇ ಅಲ್ಲಿ ಸೊಪ್ಪು ಕಡಿಯಲು ಹೋಗಬೇಡಿ ಅಷ್ಟೆ. ಆ ಜಾಗಕ್ಕೆ ಮಳೆಗಾಲ ಹಿಡಿಯುವ ತನಕ ಜನವೂ ದನವೂ ಹೋಗದಂತೆ ಬೇಲಿಯ ಬಳ್ಳಿ ಎಳೆಯಿರಿ. ಒಂದೆರಡು ಹೂಮಳೆ ಬಿತ್ತು, ಇನ್ನೇನೂ ಇಲ್ಲ ಎನ್ನುವ ಲೆಕ್ಕ ಬೇಡ. ಕರೆಂಟ್ ತಂತಿಗೆ ಸಿಕ್ಕಿಯೋ ನಾಯಿ ಕಚ್ಚಿಯೋ ಸತ್ತ ಮಂಗಗಳೂ ಇರುತ್ತವೆ, ಆದರೆ ಅದನ್ನು ತೀರ್ಮಾನಿಸುವ ಕೆಲಸ ನಮ್ಮದಲ್ಲ. ಮಂಗ ಸಾಯಲಿಲ್ಲ, ಆದ್ದರಿಂದ ಕಾಯಿಲೆ ಇಲ್ಲ ಎಂದೂ ಹೇಳಲಾಗದು. ಕಾಡಿನೊಳಗೆ ಸತ್ತದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಪಟಾಕಿಯ ಮಾತು. ಹೆದರಿ ಓಡುವ ಹಿಂಡು ತನ್ನ ಮೈಯ ಉಣುಗನ್ನೂ ಹೊತ್ತುಕೊಂಡೇ ಪಕ್ಕದ ತೋಟಕ್ಕೆ ಹೋಗುತ್ತದೆ. ಕೊಲ್ಲುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಕಾಫಿ ಹಣ್ಣು ತಿನ್ನುವ ಮಂಗಗಳ ಮೇಲೆ ಬೆಳೆಗಾರರಿಗಿರುವ ಸಿಟ್ಟು ನನಗೆ ಅರ್ಥವಾಗುತ್ತದೆ. ಅದನ್ನು ಆರೋಗ್ಯದ ಲೆಕ್ಕಕ್ಕೆ ಸೇರಿಸಬೇಡಿ.

ಲಸಿಕೆ ಕೇಳಿದ್ದೀರಿ. 1990ರಿಂದ ಒಂದು ಲಸಿಕೆ ಇತ್ತು, ಕೋಳಿ ಭ್ರೂಣದ ಕೋಶದಲ್ಲಿ ಬೆಳೆಸಿ ಫಾರ್ಮಾಲಿನ್‌ನಿಂದ ನಿಷ್ಕ್ರಿಯಗೊಳಿಸಿದ್ದು, ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ ತಯಾರಾಗುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷ ಬೂಸ್ಟರ್. ಚುಚ್ಚಿದ ಜಾಗ ನೋಯುತ್ತದೆಂದು ಎರಡನೆಯದಕ್ಕೆ ಬಾರದವರೇ ಬಹಳ. ಎರಡು ಡೋಸ್ ಮಾತ್ರ ಪಡೆದವರಲ್ಲಿ ರಕ್ಷಣೆ ಸುಮಾರು ನೂರಕ್ಕೆ 62, ಬೂಸ್ಟರ್ ಸೇರಿದರೆ 83 ಎಂದು ಶಿವಮೊಗ್ಗ ಭಾಗದ ಅಧ್ಯಯನವೊಂದು ತೋರಿಸಿತ್ತು. ಮುಂದೆ ಅದರ ಸಾಮರ್ಥ್ಯವೇ ಕುಂದಿದ್ದು ಗೊತ್ತಾಗಿ 2022ರಲ್ಲಿ ನಿಲ್ಲಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಹೊಸ ಲಸಿಕೆ ತಯಾರಿಸುತ್ತಿವೆ. ಅದು ಪರೀಕ್ಷೆಗಳನ್ನೆಲ್ಲ ದಾಟಿ ಕೈಗೆ ಬರುವ ತನಕ ನಮ್ಮ ಮೈಯನ್ನು ನಾವೇ ಕಾಯ್ದುಕೊಳ್ಳಬೇಕು. 1957ರಲ್ಲಿ ಪತ್ತೆಯಾದ ಕಾಯಿಲೆಗೆ ಇವತ್ತಿಗೂ ಗಟ್ಟಿಯಾದ ಲಸಿಕೆ ಇಲ್ಲ, ಯಾಕೆಂದರೆ ಇದು ಬರುವುದು ಬೆಟ್ಟಕ್ಕೆ ಹೋಗಿ ಸೊಪ್ಪು ತರುವವರಿಗೆ. ಈ ಮಾತನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. 2024ರಲ್ಲಿ ನಿಮ್ಮ ಪಕ್ಕದ ಶೃಂಗೇರಿ ತಾಲ್ಲೂಕಿನ ಹಿರಿಯರೊಬ್ಬರು ಈ ಕಾಯಿಲೆಯಿಂದ ತೀರಿಕೊಂಡ ಮೇಲಷ್ಟೇ ಚಿಕ್ಕಮಗಳೂರು ಜಿಲ್ಲೆಯಲ್ಲೂ ಇದು ಇದೆ ಎಂಬುದು ಬೆಂಗಳೂರಿನ ಎಷ್ಟೋ ಮಂದಿಗೆ ತಿಳಿದದ್ದು.

ಮೈ ಕಾಯ್ದುಕೊಳ್ಳುವುದು ಹೇಗೆ? ನಿಮ್ಮ ತೋಟದಲ್ಲಿ ಮಳೆಗಾಲಕ್ಕೆಂದು ಇಟ್ಟ ಜಿಗಣೆ ಕಾಲುಚೀಲ ಇರುತ್ತದಲ್ಲ, ಅದನ್ನು ಡಿಸೆಂಬರಿನಲ್ಲಿ ಹೊರಗೆ ತೆಗೆಯಿರಿ. ಪ್ಯಾಂಟಿನ ಮೇಲೆ ಅದನ್ನು ಮೊಣಕಾಲಿನವರೆಗೆ ಎಳೆದು ಕಟ್ಟಿ, ಬೂಟು ಹಾಕಿ, ತುಂಬುತೋಳಿನ ಅಂಗಿ ತೊಟ್ಟರೆ ಅರ್ಧ ಕೆಲಸ ಆಯಿತು. ಆರೋಗ್ಯ ಇಲಾಖೆ ಪಿಎಚ್‌ಸಿಯಲ್ಲಿ ಪುಕ್ಕಟೆ ಕೊಡುವ, ಉಣುಗನ್ನು ದೂರವಿಡುವ ಡೇಪಾ ಎಣ್ಣೆಯನ್ನು ಕೈಕಾಲು, ಕುತ್ತಿಗೆಗೆ ಹಚ್ಚಿಕೊಂಡು ಹೊರಡಬೇಕು. ಅದರ ಪ್ರಭಾವ ಕೆಲವು ಗಂಟೆ ಮಾತ್ರ, ಬೆವರಿದರೆ ಇನ್ನೂ ಕಡಿಮೆ, ಮಧ್ಯಾಹ್ನ ಇನ್ನೊಮ್ಮೆ ಹಚ್ಚಬೇಕು. ಬಾಟಲಿ ಲೈನ್ ಮನೆಯ ಗೂಡಿನಲ್ಲಿ ಮುಚ್ಚಳ ತೆರೆಯದೆ ಕೂತಿರುವುದನ್ನು ಬೇಕಾದಷ್ಟು ಕಂಡಿದ್ದೇನೆ. ಬುತ್ತಿ ಉಣ್ಣಲು, ಬೀಡಿ ಸೇದಲು ತರಗಿನ ಮೇಲೆ ಕೂರುವುದು ಬೇಡ, ಬಂಡೆಯೋ ಟಾರ್ಪಾಲೋ ನೋಡಿಕೊಳ್ಳಲಿ. ಸಂಜೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು. ಮೊಣಕಾಲ ಸಂದು, ಸೊಂಟದ ಪಟ್ಟಿ, ಕಂಕುಳು, ಕಿವಿಯ ಹಿಂದೆ ಒಬ್ಬರದನ್ನೊಬ್ಬರು ನೋಡಬೇಕು. ಕಚ್ಚಿಕೊಂಡ ಉಣುಗಿಗೆ ಸೀಮೆಎಣ್ಣೆ ಬಿಡುವುದು, ಸುಣ್ಣ ಹಚ್ಚುವುದು, ಬೀಡಿಯಿಂದ ಸುಡುವುದು ಎಲ್ಲ ಬಿಡಿ. ಚಿಮಟದಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೆಟ್ಟಗೆ ಎಳೆದು, ಸೋಪಿನಿಂದ ತೊಳೆಯಿರಿ. ಬರಿಗೈ ಉಗುರಿನಲ್ಲಿ ಹಿಸುಕಬೇಡಿ.

ಕೊಟ್ಟಿಗೆಗೆ ಹಾಸಲು, ಅಡಿಕೆ ಬುಡಕ್ಕೆ ಹಾಕಲು ತರಗು ಗುಡಿಸುವ ಕಾಲವೂ ನಿಂಫ್ ಕಾಲವೂ ಒಂದೇ ಆಗಿಬಿಟ್ಟಿರುವುದು ಮಲೆನಾಡಿನ ದುರದೃಷ್ಟ. ತರಗು ತರುವುದನ್ನೇ ಬಿಡಿ ಎಂದು ಭಾಷಣ ಮಾಡುವುದು ಸುಲಭ. ಮಾಡಬಹುದಾದದ್ದು ಇಷ್ಟು: ಆದಷ್ಟನ್ನು ನವೆಂಬರಿನೊಳಗೆ ತಂದು ಹಾಕಿ, ಆಗ ನಿಂಫ್ ಇನ್ನೂ ಕಡಿಮೆ. ರಾಶಿಯನ್ನು ಮನೆಯ ಅಂಗಳದಲ್ಲಿ, ಜಗಲಿಯ ಪಕ್ಕ ಹಾಕಬೇಡಿ. ಮಂಗ ಸತ್ತ ಸುದ್ದಿ ಬಂದ ಬೆಟ್ಟದ ತರಗು ಆ ವರ್ಷ ಬೇಡವೇ ಬೇಡ. ದನಗಳಿಗೆ ಈ ಕಾಯಿಲೆ ಬರುವುದಿಲ್ಲ, ಆದರೆ ಕಾಡಿನ ಉಣುಗಿಗೆ ಹೊಟ್ಟೆತುಂಬ ರಕ್ತ ಕೊಟ್ಟು ಅದರ ಸಂತತಿ ಬೆಳೆಸುವುದು, ಕೊಟ್ಟಿಗೆಯ ತನಕ ಹೊತ್ತು ತರುವುದು ಅವೇ. ಪಶುವೈದ್ಯರನ್ನು ಕೇಳಿ ಬೆನ್ನಿಗೆ ಹಾಕುವ ದ್ರಾವಣವೋ ಚುಚ್ಚುಮದ್ದೋ ಕೊಡಿಸಿ. ಕರೆಯುವ ಹಸುವಾದರೆ ಎಷ್ಟು ದಿನ ಹಾಲು ಬಳಸಬಾರದು ಎಂದು ಮರೆಯದೆ ಕೇಳಿ. ಸಕಲೇಶಪುರ, ಬೇಲೂರು ಕಡೆಯ ಬೆಳೆಗಾರರೂ ಇಷ್ಟನ್ನು ಮಾಡಿದರೆ ನಷ್ಟವಿಲ್ಲ. ಕಾಡು ಮತ್ತು ತೋಟ ಕೂಡುವ ಅಂಚುಗಳಲ್ಲೇ ಈ ಕಾಯಿಲೆ ಊರಿನಿಂದ ಊರಿಗೆ ಸರಿಯುತ್ತ ಬಂದಿದೆ. ಕೇರಳದ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗವನ್ನೂ ಅದು ಮುಟ್ಟಿದೆ.

ಕೊನೆಗೆ ಗಂಟು ಕಟ್ಟಿದವರ ವಿಷಯ. ಹೋಗುವುದಾದರೆ ತಡೆಯಬೇಡಿ, ಅವರಿಂದ ಯಾರಿಗೂ ಹರಡುವುದಿಲ್ಲ. ಆದರೆ ಬೆಟ್ಟಕ್ಕೆ ಹೋಗಿದ್ದವರು, ಮುಖ್ಯವಾಗಿ ಮುಸುವ ಎಳೆದ ಎರಡನೆಯ ಹುಡುಗ, ಊರು ತಲುಪಿದ ಮೇಲೆ ಜ್ವರದಲ್ಲಿ ಮಲಗಿದರೆ ಜಾರ್ಖಂಡಿನದೋ ಅಸ್ಸಾಮಿನದೋ ವೈದ್ಯರಿಗೆ ಮಂಗನ ಕಾಯಿಲೆ ಹೊಳೆಯುವುದೇ ಇಲ್ಲ. ಅವರು ಮಲೇರಿಯಾ, ಟೈಫಾಯಿಡ್ ಹುಡುಕುತ್ತ ಕೂರುತ್ತಾರೆ. ಪಿಎಚ್‌ಸಿ ವೈದ್ಯರಿಂದ ಒಂದು ಚೀಟಿ ಬರೆಸಿ ಪ್ರತಿಯೊಬ್ಬರ ಕೈಗೂ ಕೊಡಿ: ಎಲ್ಲಿಂದ ಬಂದವರು, ಬೆಟ್ಟಕ್ಕೆ ಹೋದ ಕೊನೆಯ ದಿನಾಂಕ ಯಾವುದು, ಜ್ವರ ಬಂದರೆ ಕ್ಯಾಸನೂರು ಕಾಡಿನ ಕಾಯಿಲೆಗೆ ರಕ್ತ ಪರೀಕ್ಷೆ ಮಾಡಿಸಿ, ಆಸ್ಪಿರಿನ್ ಜಾತಿಯ ಮಾತ್ರೆ ಕೊಡಬೇಡಿ ಎಂದು. ಚೀಟಿ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಇರಲಿ, ಅದರ ಫೋಟೋ ಅವರ ಮೊಬೈಲಿನಲ್ಲೂ ಇರಲಿ. ನಿಮ್ಮ ಮತ್ತು ಪಿಎಚ್‌ಸಿಯ ಫೋನ್ ನಂಬರ್ ಕೆಳಗೆ ಬರೆಯಲು ಮರೆಯಬೇಡಿ.